ವಿನಿಮಯ ವಿದ್ಯಾರ್ಥಿಗಳ ಆತಿಥ್ಯ ಹಾಗೂ ಹದಿಹರೆಯದವರ ವಿದೇಶ ವ್ಯಾಸಂಗ: ಉಡುಪಿ ಜಿಲ್ಲೆಯ ನಾಗರಿಕರಿಗೆ ಮಾಹಿತಿ

ಹದಿನೆಂಟು ವರ್ಷ ತುಂಬದ ಮಕ್ಕಳನ್ನು ಶಾಲಾ ವ್ಯಾಸಂಗಕ್ಕಾಗಿ ಅಥವಾ ವಿದ್ಯಾರ್ಥಿ ವಿನಿಮಯ ಕಾರ್ಯಕ್ರಮದಡಿ ಹೊರದೇಶಕ್ಕೆ ಕಳುಹಿಸಲು ಇಚ್ಛಿಸುವ ಪೋಷಕರು, ಹಾಗೂ ಹೊರದೇಶದ ವಿದ್ಯಾರ್ಥಿಯೊಬ್ಬರನ್ನು ಕೆಲವು ತಿಂಗಳ ಕಾಲ ತಮ್ಮ ಮನೆಯಲ್ಲಿ ಇರಿಸಿಕೊಳ್ಳಲು ಒಪ್ಪಿರುವ ಕುಟುಂಬಗಳು ಅನುಸರಿಸಬೇಕಾದ ಕ್ರಮಗಳನ್ನು ಈ ಲೇಖನದಲ್ಲಿ ವಿವರಿಸಲಾಗಿದೆ. ಪದವಿ ಹಾಗೂ ಸ್ನಾತಕೋತ್ತರ ವ್ಯಾಸಂಗಕ್ಕೆ ತೆರಳುವವರಿಗೆ ವಿಶ್ವವಿದ್ಯಾನಿಲಯಗಳಲ್ಲಿ ಪ್ರತ್ಯೇಕ ವಿಭಾಗಗಳಿದ್ದು, ಅವರ ವಿಷಯವನ್ನು ಇಲ್ಲಿ ಪ್ರಸ್ತಾಪಿಸಿಲ್ಲ. ಶಾಲಾ ಮಕ್ಕಳ ವಿಷಯದಲ್ಲಿ ಅಂತಹ ವ್ಯವಸ್ಥೆ ಇಲ್ಲದಿರುವುದರಿಂದ ಪೋಷಕರು ಪಾಸ್‌ಪೋರ್ಟ್, ಪೊಲೀಸ್, ಪದವಿಪೂರ್ವ ಶಿಕ್ಷಣ ಮತ್ತು ಆರೋಗ್ಯ ಇಲಾಖೆಗಳನ್ನು ಬೇರೆ ಬೇರೆಯಾಗಿ ಸಂಪರ್ಕಿಸಬೇಕಾಗುತ್ತದೆ. ಒಂದು ಕಛೇರಿಯಲ್ಲಿ ದೊರೆತ ಉತ್ತರ ಇನ್ನೊಂದು ಕಛೇರಿಗೆ ಅನ್ವಯಿಸುವುದಿಲ್ಲ. ವಿಮಾನದ ಟಿಕೆಟ್ ಖರೀದಿಸಿದ ಮೇಲೆ ನಿಯಮಗಳನ್ನು ವಿಚಾರಿಸುವ ಪರಿಪಾಠವೇ ಬಹುತೇಕ ತೊಂದರೆಗಳಿಗೆ ಕಾರಣವಾಗಿದೆ.

ಜಿಲ್ಲೆಯ ಹಿನ್ನೆಲೆ

ಕಲಿಕೆಗಾಗಿ ಕಡಲು ದಾಟುವುದು ಕರಾವಳಿಗೆ ಹೊಸತಲ್ಲ. ಮಂಗಳೂರಿನ ಹರ್ಮನ್ ಆನಂದರಾವ್ ಕೌಂಡಿನ್ಯ ಅವರು 1846ರಲ್ಲಿ, ಇಪ್ಪತ್ತರ ಆಸುಪಾಸಿನ ವಯಸ್ಸಿನಲ್ಲಿ, ಸ್ವಿಟ್ಜರ್ಲೆಂಡಿನ ಬಾಸೆಲ್ ನಗರಕ್ಕೆ ತೆರಳಿ ಅಲ್ಲಿನ ಮಿಷನ್ ಸೆಮಿನರಿಯಲ್ಲಿ ಓದಿ 1851ರಲ್ಲಿ ಹಿಂದಿರುಗಿದರು. ವಿರುದ್ಧ ದಿಕ್ಕಿನ ಪ್ರಯಾಣಕ್ಕೂ ನಿದರ್ಶನಗಳಿವೆ. 1970ರ ಆಸುಪಾಸಿನಲ್ಲಿ ಅಮೆರಿಕದ ಮಾರ್ತಾ ಆಷ್ಟನ್ ಅವರು ಉಡುಪಿಯಲ್ಲಿ ನೆಲೆಸಿ, ಹಿರಿಯಡಕ ಗೋಪಾಲ ರಾವ್ ಮುಂತಾದ ಕಲಾವಿದರಿಂದ ಯಕ್ಷಗಾನವನ್ನು ಅಭ್ಯಸಿಸಿ, ಮುಂದೆ ಆ ಕುರಿತು ಇಂಗ್ಲಿಷಿನಲ್ಲಿ ಗ್ರಂಥ ರಚಿಸಿದರು. ಡಾ. ಟಿ.ಎಂ.ಎ. ಪೈ ಅವರು 1953ರಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜನ್ನು ಸ್ಥಾಪಿಸಿದ ತರುವಾಯ ಮಣಿಪಾಲವು ಹೊರದೇಶದ ವಿದ್ಯಾರ್ಥಿಗಳನ್ನು ನಿರಂತರವಾಗಿ ಬರಮಾಡಿಕೊಂಡಿದೆ. 1997ರಲ್ಲಿ ಆರಂಭವಾದ ಮೆಲಾಕಾ ಮಣಿಪಾಲ ವೈದ್ಯಕೀಯ ಕಾಲೇಜಿನ ವ್ಯವಸ್ಥೆಯಡಿ, ಶಾಲಾ ಶಿಕ್ಷಣವನ್ನು ಆಗಷ್ಟೇ ಮುಗಿಸಿದ ಮಲೇಷಿಯಾದ ಯುವಕ ಯುವತಿಯರು ವೈದ್ಯಕೀಯ ವ್ಯಾಸಂಗದ ಆರಂಭದ ವರ್ಷಗಳನ್ನು ಮಣಿಪಾಲದಲ್ಲಿ ಕಳೆದರು. ಆದರೆ ಅವರ ವಾಸ ವಿದ್ಯಾರ್ಥಿನಿಲಯಗಳಲ್ಲಿ, ಸಂಸ್ಥೆಯ ಹೊಣೆಯಲ್ಲಿ ಇತ್ತು. ಸಾಮಾನ್ಯ ಕುಟುಂಬವೊಂದು ತನ್ನ ಮನೆಯಲ್ಲೇ ಪರದೇಶದ ಬಾಲಕ ಅಥವಾ ಬಾಲಕಿಯನ್ನು ಇರಿಸಿಕೊಂಡಾಗ ಕಾನೂನಿನ ಹೊಣೆ ಆ ಕುಟುಂಬದ ಮೇಲೆಯೇ ಬರುತ್ತದೆ ಎಂಬುದನ್ನು ಗಮನಿಸತಕ್ಕದ್ದು.

ದೇಶದೊಳಗಿನ ವಿನಿಮಯವನ್ನೂ ಇಲ್ಲಿ ಉಲ್ಲೇಖಿಸುವುದು ಸೂಕ್ತ. ಚಾರದಲ್ಲಿರುವ ಜವಾಹರ್ ನವೋದಯ ವಿದ್ಯಾಲಯವೂ ಸೇರಿದಂತೆ ನವೋದಯ ವಿದ್ಯಾಲಯಗಳಲ್ಲಿ ಒಂಬತ್ತನೆಯ ತರಗತಿಯ ಶೇಕಡಾ 30ರಷ್ಟು ವಿದ್ಯಾರ್ಥಿಗಳನ್ನು ಒಂದು ವರ್ಷದ ಮಟ್ಟಿಗೆ ಬೇರೆ ಭಾಷಾ ಪ್ರದೇಶದ ವಿದ್ಯಾಲಯಕ್ಕೆ ಕಳುಹಿಸುವ ಯೋಜನೆ ಇದೆ. ಇದಕ್ಕೆ ಪಾಸ್‌ಪೋರ್ಟ್ ಬೇಡ, ಶುಲ್ಕವೂ ಇಲ್ಲ, ವರ್ಷವೂ ನಷ್ಟವಾಗುವುದಿಲ್ಲ. ಮನೆಯಿಂದ ದೂರವಿದ್ದು ಬೇರೆ ಭಾಷೆಯಲ್ಲಿ ಬದುಕುವ ಅನುಭವವೇ ಉದ್ದೇಶವಾಗಿದ್ದಲ್ಲಿ ಅದು ಕಡಿಮೆಯದೇನಲ್ಲ.

ಲಭ್ಯವಿರುವ ಕಾರ್ಯಕ್ರಮಗಳು

ಹದಿಹರೆಯದವರ ವಿನಿಮಯ ಕಾರ್ಯಕ್ರಮಗಳನ್ನು ಬಹುಮಟ್ಟಿಗೆ ಸ್ವಯಂಸೇವಾ ಸಂಸ್ಥೆಗಳು ನಡೆಸುತ್ತವೆ. ರೋಟರಿ ಯುವ ವಿನಿಮಯ ಕಾರ್ಯಕ್ರಮವು 15ರಿಂದ 19 ವರ್ಷದವರಿಗೆ ಮೀಸಲಾಗಿದ್ದು, ಕೆಲವು ವಾರಗಳ ಅಲ್ಪಾವಧಿ ಹಾಗೂ ಒಂದು ಶೈಕ್ಷಣಿಕ ವರ್ಷದ ದೀರ್ಘಾವಧಿ ಎಂಬ ಎರಡು ಬಗೆಗಳನ್ನು ಹೊಂದಿದೆ. ಉಡುಪಿ ಜಿಲ್ಲೆಯ ಕ್ಲಬ್‌ಗಳು ರೋಟರಿ ಜಿಲ್ಲೆ 3182ರ ವ್ಯಾಪ್ತಿಗೆ ಸೇರಿವೆ. ದೀರ್ಘಾವಧಿಯಲ್ಲಿ ವಿದ್ಯಾರ್ಥಿಯು ಸಾಮಾನ್ಯವಾಗಿ ಒಂದಕ್ಕಿಂತ ಹೆಚ್ಚು ಮನೆಗಳಲ್ಲಿ ಸರದಿಯಂತೆ ವಾಸಿಸುತ್ತಾನೆ. ಎ.ಎಫ್.ಎಸ್. ಎಂಬ ಸಂಸ್ಥೆಯು ಮೊದಲನೆಯ ಮಹಾಯುದ್ಧದ ಕಾಲದ ಆಂಬುಲೆನ್ಸ್ ಸ್ವಯಂಸೇವಕರ ದಳವಾಗಿ ಹುಟ್ಟಿ, 1947ರಿಂದ ಶಾಲಾ ವಿದ್ಯಾರ್ಥಿಗಳ ವಿನಿಮಯವನ್ನು ಕೈಗೊಂಡಿದ್ದು, ಭಾರತದಲ್ಲಿಯೂ ಕಾರ್ಯನಿರ್ವಹಿಸುತ್ತಿದೆ. ಅಮೆರಿಕ ಸರ್ಕಾರದ ಅನುದಾನದಲ್ಲಿ 2002ರಲ್ಲಿ ಸ್ಥಾಪನೆಯಾದ ಕೆನಡಿ-ಲೂಗರ್ ಯುವ ವಿನಿಮಯ ಕಾರ್ಯಕ್ರಮದಡಿ ಆಯ್ಕೆಯಾದವರಿಗೆ ಪೂರ್ಣ ವಿದ್ಯಾರ್ಥಿವೇತನ ದೊರೆಯುವ ವ್ಯವಸ್ಥೆಯನ್ನು ರೂಪಿಸಲಾಯಿತು. ಜಪಾನಿನ ಸಕುರಾ ವಿಜ್ಞಾನ ಕಾರ್ಯಕ್ರಮವು ಸುಮಾರು ಒಂದು ವಾರದ ಭೇಟಿಯಾದುದರಿಂದ ವ್ಯಾಸಂಗಕ್ಕೆ ಅಡ್ಡಿಯಾಗುವುದಿಲ್ಲ. ಎರಡು ವರ್ಷ ಪೂರ್ಣವಾಗಿ ಹೊರಗೆ ಓದಲು ಬಯಸುವವರಿಗೆ ಯುನೈಟೆಡ್ ವರ್ಲ್ಡ್ ಕಾಲೇಜುಗಳಿದ್ದು, ಅವುಗಳಿಗೆ ಭಾರತದ ರಾಷ್ಟ್ರೀಯ ಸಮಿತಿಯ ಮೂಲಕ ಆಯ್ಕೆ ನಡೆಯುತ್ತದೆ. ಅವುಗಳಲ್ಲಿ ಒಂದು ಪುಣೆಯ ಬಳಿ 1997ರಿಂದ ಇದೆ.

ಸರ್ಕಾರದ ವಿದ್ಯಾರ್ಥಿವೇತನ ಕುರಿತು ಅನೇಕರಲ್ಲಿ ತಪ್ಪು ತಿಳಿವಳಿಕೆ ಇದೆ. ಕೇಂದ್ರ ಸರ್ಕಾರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನವು ಸ್ನಾತಕೋತ್ತರ ಮತ್ತು ಪಿಎಚ್.ಡಿ. ವ್ಯಾಸಂಗಕ್ಕೆ ಮಾತ್ರ ಅನ್ವಯಿಸುತ್ತದೆ. ಶಾಲಾ ಹಂತಕ್ಕೆ ಅದನ್ನು ಕೊಡಿಸುವುದಾಗಿ ಹೇಳಿ ಹಣ ಕೇಳುವವರನ್ನು ನಂಬಬಾರದು. ಉದ್ಯೋಗಕ್ಕಾಗಿ ಜನರನ್ನು ಹೊರದೇಶಕ್ಕೆ ಕಳುಹಿಸುವ ಏಜೆಂಟರು 1983ರ ವಲಸೆ ಅಧಿನಿಯಮದಡಿ ನೋಂದಣಿ ಹೊಂದಿರಬೇಕು. ಆ ನೋಂದಣಿ ಪತ್ರವು ಶಿಕ್ಷಣ ಸಲಹೆಗಾರನ ಅರ್ಹತೆಗೆ ಪುರಾವೆಯಲ್ಲ. ಗೋಡೆಯ ಮೇಲೆ ಅದು ತೂಗುತ್ತಿದ್ದರೂ ಅಷ್ಟೇ.

ಯಾವ ತರಗತಿಯ ನಂತರ ಕಳುಹಿಸಬೇಕು

ಇಡೀ ವಿಷಯದಲ್ಲಿ ಅತ್ಯಂತ ಮುಖ್ಯವಾದ ನಿರ್ಧಾರ ಇದಾಗಿದೆ. ದೇಶ, ಕುಟುಂಬ, ಖರ್ಚು ಎಲ್ಲವನ್ನೂ ತಿಂಗಳುಗಟ್ಟಲೆ ಚರ್ಚಿಸುವ ಪೋಷಕರು ಇದನ್ನು ಸಲಹೆಗಾರರಿಗೆ ಬಿಟ್ಟುಬಿಡುವುದುಂಟು.

ಒಂದು ವರ್ಷದ ವಿನಿಮಯವೆಂದರೆ ಹೊರದೇಶದ ಶಾಲೆಯಲ್ಲಿ ಹಾಜರಾತಿ ಮಾತ್ರ. ಅಮೆರಿಕದಲ್ಲಿ ಹೀಗೆ ಓದಿದವರಿಗೆ ಅಲ್ಲಿನ ಹೈಸ್ಕೂಲ್ ಡಿಪ್ಲೊಮಾ ದೊರೆಯುವ ಖಾತರಿ ಇಲ್ಲ. ಆದುದರಿಂದ ಆ ವರ್ಷವನ್ನು ದ್ವಿತೀಯ ಪಿ.ಯು.ಸಿ. ತೇರ್ಗಡೆಗೆ ಸಮಾನವೆಂದು ಭಾವಿಸತಕ್ಕದ್ದಲ್ಲ. ಹೊರದೇಶದ ಶಾಲಾಂತ್ಯ ಪ್ರಮಾಣಪತ್ರಗಳಿಗೆ ಭಾರತೀಯ ವಿಶ್ವವಿದ್ಯಾನಿಲಯಗಳ ಸಂಘವು ದೀರ್ಘಕಾಲದಿಂದ ಸಮಾನತಾ ಪತ್ರ ನೀಡುತ್ತಾ ಬಂದಿದ್ದು, 2025ರಲ್ಲಿ ವಿಶ್ವವಿದ್ಯಾನಿಲಯ ಅನುದಾನ ಆಯೋಗವು ಈ ಬಗ್ಗೆ ಹೊಸ ನಿಯಮಾವಳಿಯನ್ನು ಅಧಿಸೂಚಿಸಿದೆ. ಸಮಾನತೆ ದೊರೆಯುವುದು ಪೂರ್ಣಗೊಂಡ ಶಾಲಾಂತ್ಯ ಅರ್ಹತೆಗೆ. ನಡುವಿನ ಒಂದು ವರ್ಷದ ಅಂಕಪಟ್ಟಿಗೆ ಅಲ್ಲ. ಯುನೈಟೆಡ್ ವರ್ಲ್ಡ್ ಕಾಲೇಜುಗಳಲ್ಲಿ ಬೋಧಿಸುವ ಐ.ಬಿ. ಡಿಪ್ಲೊಮಾ ಎರಡು ವರ್ಷಗಳ ಪೂರ್ಣ ವ್ಯಾಸಂಗವಾಗಿರುವುದರಿಂದ ಅದರ ಸ್ಥಿತಿ ಬೇರೆ.

ಕ್ಯಾಲೆಂಡರ್ ಕೂಡ ಹೊಂದುವುದಿಲ್ಲ. ರಾಜ್ಯದಲ್ಲಿ ಪದವಿಪೂರ್ವ ತರಗತಿಗಳು ಜೂನ್ ಹೊತ್ತಿಗೆ ಆರಂಭವಾಗುತ್ತವೆ. ಅಮೆರಿಕದ ಶಾಲಾ ವರ್ಷ ಆಗಸ್ಟ್‌ನಿಂದ ಮುಂದಿನ ಜೂನ್‌ವರೆಗೆ, ಜಪಾನಿನದು ಏಪ್ರಿಲ್‌ನಿಂದ ಮಾರ್ಚ್‌ವರೆಗೆ ನಡೆಯುತ್ತದೆ. ಪಿ.ಯು. ಪರೀಕ್ಷೆಗೆ ಶೇಕಡಾ 75ರ ಹಾಜರಾತಿ ಅಗತ್ಯವಾದುದರಿಂದ ವರ್ಷದ ನಡುವೆ ಹೋಗಿ ಬಂದು ಪರೀಕ್ಷೆ ಬರೆಯುವುದು ಸಾಧ್ಯವಾಗದು. ಅಂದರೆ ಒಂದು ವರ್ಷವನ್ನು ಬಿಟ್ಟುಕೊಡುವುದಾಗಿ ಮೊದಲೇ ಒಪ್ಪಿಕೊಂಡು ಹೊರಡಬೇಕು. ಆ ವರ್ಷ ಎಸ್.ಎಸ್.ಎಲ್.ಸಿ. ನಂತರದ್ದೋ, ಪ್ರಥಮ ಪಿ.ಯು.ಸಿ. ನಂತರದ್ದೋ ಎಂಬುದಷ್ಟೇ ಪ್ರಶ್ನೆ.

ಅಮೆರಿಕದ ಜೆ-1 ವಿನಿಮಯ ವೀಸಾದ ನಿಯಮದಂತೆ ಕಾರ್ಯಕ್ರಮ ಆರಂಭವಾಗುವ ದಿನಕ್ಕೆ ವಿದ್ಯಾರ್ಥಿಗೆ 15 ವರ್ಷ ತುಂಬಿರಬೇಕು, 18 ವರ್ಷ 6 ತಿಂಗಳು ಮೀರಿರಬಾರದು ಹಾಗೂ ಶಿಶುವಿಹಾರವನ್ನು ಬಿಟ್ಟು 11 ವರ್ಷಗಳಿಗಿಂತ ಹೆಚ್ಚಿನ ಶಾಲಾ ಶಿಕ್ಷಣ ಪೂರೈಸಿರಬಾರದು. ನಮ್ಮ ಲೆಕ್ಕದಲ್ಲಿ ಎಸ್.ಎಸ್.ಎಲ್.ಸಿ. ಮುಗಿದಾಗ 10, ಪ್ರಥಮ ಪಿ.ಯು.ಸಿ. ಮುಗಿದಾಗ 11, ದ್ವಿತೀಯ ಪಿ.ಯು.ಸಿ. ಮುಗಿದಾಗ 12 ವರ್ಷಗಳಾಗುತ್ತವೆ. ಆದ್ದರಿಂದ ಪಿ.ಯು.ಸಿ. ಪೂರ್ತಿ ಮುಗಿಸಿ ನಿಶ್ಚಿಂತೆಯಿಂದ ಹೋಗಿಬರಲಿ ಎಂದು ಯೋಚಿಸುವ ಪೋಷಕರಿಗೆ ಈ ದಾರಿ ಮುಚ್ಚಿರುತ್ತದೆ. ಪ್ರಥಮ ಪಿ.ಯು.ಸಿ. ತೇರ್ಗಡೆಯಾದ ನಂತರ ತೆರಳುವುದು ನಿಯಮಕ್ಕೂ ಒಳಪಡುತ್ತದೆ. ಹಿಂದಿರುಗಿ ದ್ವಿತೀಯ ವರ್ಷಕ್ಕೆ ಸೇರುವಾಗ ಪ್ರಥಮ ವರ್ಷದ ಅಂಕಪಟ್ಟಿ ಕೈಯಲ್ಲಿರುತ್ತದೆ. ಆದರೆ ವಿಜ್ಞಾನ ವಿಭಾಗದ ವಿದ್ಯಾರ್ಥಿಗಳು ಎರಡು ವರ್ಷಗಳ ನಡುವೆ ಒಂದು ವರ್ಷದ ಅಂತರ ಬಿದ್ದಾಗ ಗಣಿತ ಮತ್ತು ಭೌತಶಾಸ್ತ್ರದಲ್ಲಿ ಹಿಂದೆ ಬೀಳುವ ಸಂಭವ ಹೆಚ್ಚು. ಎಸ್.ಎಸ್.ಎಲ್.ಸಿ. ನಂತರ ತೆರಳಿದವರಿಗೆ ಈ ತೊಡಕು ಕಡಿಮೆ; ಅವರಿಗೆ ಹಿಂದಿರುಗಿದಾಗ ಬೇಕಾದ ಕಾಲೇಜಿನಲ್ಲಿ ಸ್ಥಾನ ದೊರೆಯುವುದೇ ಚಿಂತೆ. ಎರಡು ಸಂದರ್ಭಗಳಲ್ಲಿಯೂ ಹೊರಡುವ ಮುನ್ನ ಕಾಲೇಜಿನ ಪ್ರಾಂಶುಪಾಲರಿಗೆ ಲಿಖಿತವಾಗಿ ತಿಳಿಸಿ, ಮರುಪ್ರವೇಶದ ಬಗ್ಗೆ ಲಿಖಿತ ಉತ್ತರ ಪಡೆದು, ಅಗತ್ಯವಿದ್ದಲ್ಲಿ ಪದವಿಪೂರ್ವ ಶಿಕ್ಷಣ ಇಲಾಖೆಯ ಉಪನಿರ್ದೇಶಕರ ಕಛೇರಿಯನ್ನು ಸಂಪರ್ಕಿಸತಕ್ಕದ್ದು. ಬಾಯಿಮಾತಿನ ಭರವಸೆ ಮುಂದಿನ ವರ್ಷ ಪ್ರಾಂಶುಪಾಲರು ವರ್ಗವಾದಾಗ ಉಳಿಯುವುದಿಲ್ಲ.

ಸಾಮಾನ್ಯ ಪ್ರವೇಶ ಪರೀಕ್ಷೆ ಹಾಗೂ ಮೀಸಲಾತಿಯ ಮೇಲಿನ ಪರಿಣಾಮ

ವೃತ್ತಿಶಿಕ್ಷಣ ಕೋರ್ಸುಗಳ ಸರ್ಕಾರಿ ಸೀಟುಗಳಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ವಿಧಿಸಿರುವ ಮುಖ್ಯ ಅರ್ಹತಾ ಖಂಡದ ಪ್ರಕಾರ ಅಭ್ಯರ್ಥಿಯು ಒಂದನೆಯ ತರಗತಿಯಿಂದ ದ್ವಿತೀಯ ಪಿ.ಯು.ಸಿ.ವರೆಗಿನ ಅವಧಿಯಲ್ಲಿ ಕನಿಷ್ಠ 7 ಶೈಕ್ಷಣಿಕ ವರ್ಷಗಳನ್ನು ಕರ್ನಾಟಕದಲ್ಲಿ ಓದಿರಬೇಕು ಮತ್ತು ಎಸ್.ಎಸ್.ಎಲ್.ಸಿ. ಅಥವಾ ದ್ವಿತೀಯ ಪಿ.ಯು.ಸಿ.ಯನ್ನು ಕರ್ನಾಟಕದಲ್ಲಿ ತೇರ್ಗಡೆಯಾಗಿರಬೇಕು. ಆರಂಭದಿಂದ ಇಲ್ಲಿಯೇ ಓದಿದ ಮಗುವಿಗೆ ಒಂದು ವರ್ಷದ ವಿನಿಮಯದಿಂದ ಈ ಅರ್ಹತೆ ತಪ್ಪುವುದಿಲ್ಲ. ಗ್ರಾಮೀಣ ಮತ್ತು ಕನ್ನಡ ಮಾಧ್ಯಮ ಮೀಸಲಾತಿಯ ವಿಷಯ ಹಾಗಲ್ಲ. ಇವೆರಡಕ್ಕೂ ಒಂದರಿಂದ ಹತ್ತನೆಯ ತರಗತಿಯವರೆಗಿನ ಹತ್ತೂ ವರ್ಷಗಳ ವ್ಯಾಸಂಗವನ್ನು ಪರಿಗಣಿಸಲಾಗುತ್ತದೆ. ಉದಾಹರಣೆಗೆ, ಕಾರ್ಕಳ ತಾಲ್ಲೂಕಿನ ಗ್ರಾಮವೊಂದರ ಕನ್ನಡ ಶಾಲೆಯಲ್ಲಿ ಎಂಟು ವರ್ಷ ಓದಿದ ಬಾಲಕಿಯನ್ನು ಒಂಬತ್ತನೆಯ ತರಗತಿಗೆ ಹೊರದೇಶದ ಬಂಧುಗಳ ಬಳಿ ಕಳುಹಿಸಿದಲ್ಲಿ ಎರಡೂ ಸೌಲಭ್ಯಗಳು ಆಕೆಗೆ ಶಾಶ್ವತವಾಗಿ ತಪ್ಪುತ್ತವೆ. ಅದೇ ಬಾಲಕಿ ಎಸ್.ಎಸ್.ಎಲ್.ಸಿ. ಮುಗಿಸಿ ಹೋದಲ್ಲಿ ಏನೂ ನಷ್ಟವಿಲ್ಲ. ಎಂಟನೆಯ ಅಥವಾ ಒಂಬತ್ತನೆಯ ತರಗತಿಯಲ್ಲಿ ಕಳುಹಿಸುವ ಆತುರ ಬೇಡವೆನ್ನಲು ಇದೊಂದೇ ಕಾರಣ ಸಾಕು.

ಕೊಲ್ಲಿ ರಾಷ್ಟ್ರಗಳಲ್ಲಿ ನೆಲೆಸಿರುವ ಜಿಲ್ಲೆಯ ಕುಟುಂಬಗಳು ಈ ಏಳು ವರ್ಷಗಳ ಲೆಕ್ಕವನ್ನು ವಿಶೇಷವಾಗಿ ಗಮನಿಸಬೇಕು. ಹತ್ತನೆಯ ತರಗತಿಯವರೆಗೆ ಅಲ್ಲಿ ಓದಿಸಿ ಪಿ.ಯು.ಸಿ.ಗೆ ಉಡುಪಿಗೋ ಮಣಿಪಾಲಕ್ಕೋ ಕರೆತಂದಾಗ ಎರಡು ವರ್ಷಗಳು ಮಾತ್ರ ಸಿಗುತ್ತವೆ. ಅಂತಹವರು ಪ್ರಾಧಿಕಾರದ ಮಾಹಿತಿ ಪುಸ್ತಿಕೆಯಲ್ಲಿನ ಇತರ ಅರ್ಹತಾ ಖಂಡಗಳನ್ನು ಊರಿಗೆ ಮರಳುವ ಮೊದಲೇ ಓದಿಕೊಳ್ಳುವುದು ಒಳಿತು.

ಅಪ್ರಾಪ್ತ ವಯಸ್ಕರ ಪಾಸ್‌ಪೋರ್ಟ್

ಉಡುಪಿ ಜಿಲ್ಲೆಯು ಬೆಂಗಳೂರಿನ ಪ್ರಾದೇಶಿಕ ಪಾಸ್‌ಪೋರ್ಟ್ ಕಛೇರಿಯ ವ್ಯಾಪ್ತಿಗೆ ಒಳಪಟ್ಟಿದೆ. ಅರ್ಜಿಯನ್ನು ಪಾಸ್‌ಪೋರ್ಟ್ ಸೇವಾ ಜಾಲತಾಣದಲ್ಲಿ ಭರ್ತಿ ಮಾಡಿ, ಶುಲ್ಕ ಪಾವತಿಸಿ, ಸಂದರ್ಶನದ ದಿನಾಂಕವನ್ನು ಕಾಯ್ದಿರಿಸಿ, ಮಂಗಳೂರಿನ ಪಾಸ್‌ಪೋರ್ಟ್ ಸೇವಾ ಕೇಂದ್ರಕ್ಕೆ ಅಥವಾ ಅಂಚೆ ಕಛೇರಿ ಪಾಸ್‌ಪೋರ್ಟ್ ಸೇವಾ ಕೇಂದ್ರಕ್ಕೆ ಮಗುವಿನೊಂದಿಗೆ ಹಾಜರಾಗಬೇಕು. ಅಪ್ರಾಪ್ತ ವಯಸ್ಕರ ಪಾಸ್‌ಪೋರ್ಟ್ 5 ವರ್ಷಗಳವರೆಗೆ ಅಥವಾ 18 ವರ್ಷ ತುಂಬುವವರೆಗೆ, ಯಾವುದು ಮೊದಲೋ ಅಲ್ಲಿಯವರೆಗೆ ಊರ್ಜಿತವಾಗಿರುತ್ತದೆ. 15ರಿಂದ 18 ವರ್ಷದೊಳಗಿನವರು 10 ವರ್ಷಗಳ ಪಾಸ್‌ಪೋರ್ಟನ್ನು ಆಯ್ದುಕೊಳ್ಳಬಹುದು. ಹೊರದೇಶದಲ್ಲಿರುವಾಗಲೇ 18 ತುಂಬಿ ಪಾಸ್‌ಪೋರ್ಟ್ ಮುಗಿದುಹೋಗುವ ಪೇಚನ್ನು ತಪ್ಪಿಸಲು ವ್ಯಾಸಂಗಕ್ಕೆ ತೆರಳುವವರಿಗೆ ಈ ಎರಡನೆಯ ಆಯ್ಕೆಯೇ ಸೂಕ್ತ.

ಅರ್ಜಿಯೊಂದಿಗೆ ತಂದೆ ತಾಯಿ ಇಬ್ಬರೂ ಸಹಿ ಮಾಡಿದ ಅನುಬಂಧ ‘ಡಿ’ ಘೋಷಣೆಯನ್ನು ಸಲ್ಲಿಸತಕ್ಕದ್ದು. 2016ರ ಡಿಸೆಂಬರ್‌ನಲ್ಲಿ ನಿಯಮಗಳನ್ನು ಸಡಿಲಿಸಿದ ನಂತರ ಇದನ್ನು ಬಿಳಿ ಹಾಳೆಯ ಮೇಲೆ ಬರೆದುಕೊಟ್ಟರೆ ಸಾಕಾಗುತ್ತದೆ. ನೋಟರಿಯ ಮೊಹರು ಬೇಕಿಲ್ಲ. ಜಿಲ್ಲೆಯಲ್ಲಿ ಹೆಚ್ಚಾಗಿ ಎದುರಾಗುವ ತೊಡಕೆಂದರೆ ತಂದೆ ದುಬೈ, ಕುವೈತ್ ಅಥವಾ ಮಸ್ಕತ್‌ನಲ್ಲಿದ್ದು ತಾಯಿ ಮಾತ್ರ ಊರಿನಲ್ಲಿರುವುದು. ಅಂತಹ ಸಂದರ್ಭದಲ್ಲಿ ತಾಯಿಯು ಸಹಿ ಮಾಡಿದ ಘೋಷಣೆಯ ಜೊತೆಗೆ ತಂದೆಯು ತಾನಿರುವ ದೇಶದ ಭಾರತೀಯ ರಾಯಭಾರ ಕಛೇರಿಯಲ್ಲಿ ದೃಢೀಕರಿಸಿದ ಪ್ರಮಾಣಪತ್ರವನ್ನು ಕಳುಹಿಸಬೇಕು. ವಾಟ್ಸ್ಆ್ಯಪ್‌ನಲ್ಲಿ ಬಂದ ಸಹಿಯ ಚಿತ್ರವನ್ನು ಸ್ವೀಕರಿಸಲಾಗುವುದಿಲ್ಲ. ಪೋಷಕರಲ್ಲಿ ಒಬ್ಬರ ಒಪ್ಪಿಗೆ ಯಾವುದೇ ಕಾರಣದಿಂದ ದೊರೆಯದಿದ್ದಲ್ಲಿ, ಅರ್ಜಿ ಸಲ್ಲಿಸುವವರು ಅನುಬಂಧ ‘ಸಿ’ ಘೋಷಣೆಯಲ್ಲಿ ಕಾರಣವನ್ನು ವಿವರಿಸಬೇಕು.

ಹೆಸರಿನ ವಿಷಯ ಇನ್ನೊಂದು. ಅಳಿಯಸಂತಾನ ಪದ್ಧತಿಯ ರೂಢಿಯಿಂದಾಗಿ ತುಳುನಾಡಿನ ಎಷ್ಟೋ ಮನೆಗಳಲ್ಲಿ ಮಕ್ಕಳು ತಾಯಿಯ ಕಡೆಯ ಕುಲನಾಮವನ್ನು ಇರಿಸಿಕೊಳ್ಳುತ್ತಾರೆ. ತಂದೆಯ ಕುಲನಾಮ ಬೇರೆಯಾಗಿರುತ್ತದೆ. ಇದು ದೋಷವಲ್ಲ, ಅದಕ್ಕಾಗಿ ಹೆಸರು ಬದಲಿಸುವ ಅಗತ್ಯವೂ ಇಲ್ಲ. ಜನನ ಪ್ರಮಾಣಪತ್ರ, ಎಸ್.ಎಸ್.ಎಲ್.ಸಿ. ಅಂಕಪಟ್ಟಿ ಮತ್ತು ಆಧಾರ್‌ಗಳಲ್ಲಿ ಮಗುವಿನ ಹೆಸರು ಒಂದೇ ರೀತಿ ಇರುವುದು ಮುಖ್ಯ. ಒಂದರಲ್ಲಿ ಇನಿಷಿಯಲ್, ಇನ್ನೊಂದರಲ್ಲಿ ಅದರ ವಿಸ್ತರಣೆ, ಮತ್ತೊಂದರಲ್ಲಿ ಮನೆತನದ ಹೆಸರು ಎಂದಾದಾಗ ತಿಂಗಳುಗಳೇ ಹಿಡಿಯುತ್ತವೆ. ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಶಾಲೆಯಿಂದ ಹೆಸರಿನ ಪಟ್ಟಿ ಹೋಗುವ ಮೊದಲೇ ಸರಿಪಡಿಸಿಕೊಳ್ಳುವುದು ಅತ್ಯಂತ ಸುಲಭದ ಹಾದಿ. 2023ರ ಅಕ್ಟೋಬರ್ 1ರಂದು ಅಥವಾ ಅನಂತರ ಹುಟ್ಟಿದವರಿಗೆ ಜನನ ಪ್ರಮಾಣಪತ್ರವೊಂದೇ ಜನ್ಮ ದಿನಾಂಕದ ಪುರಾವೆಯಾಗಿದ್ದರೂ, ಇಂದಿನ ಹದಿಹರೆಯದವರು ಅಂಕಪಟ್ಟಿ, ವರ್ಗಾವಣೆ ಪತ್ರ ಮುಂತಾದವುಗಳನ್ನೂ ಸಲ್ಲಿಸಬಹುದು.

ವಿಳಾಸದ ಪುರಾವೆಯಾಗಿ ಬ್ಯಾಂಕ್ ಪಾಸ್‌ಬುಕ್ ತರುವವರಿಗೆ ಒಂದು ಸೂಚನೆ. ಈ ಜಿಲ್ಲೆಯಲ್ಲೇ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ ಹಾಗೂ ಕಾರ್ಪೊರೇಷನ್ ಬ್ಯಾಂಕ್‌ಗಳು 2020ರ ಏಪ್ರಿಲ್ 1ರಂದು ಕ್ರಮವಾಗಿ ಕೆನರಾ ಬ್ಯಾಂಕ್ ಮತ್ತು ಯೂನಿಯನ್ ಬ್ಯಾಂಕ್‌ಗಳಲ್ಲಿ ವಿಲೀನವಾಗಿವೆ. ಹಳೆಯ ಹೆಸರಿನ ಪುಸ್ತಕವನ್ನು ಅಭಿಮಾನದಿಂದ ಇಟ್ಟುಕೊಂಡಿರುವವರು ಹೊಸ ಪುಸ್ತಕವನ್ನು ಪಡೆದು ಬರುವುದು ಉತ್ತಮ.

ವೀಸಾ, ಲಸಿಕೆ ಮತ್ತು ಹಣ

ಅಮೆರಿಕದಲ್ಲಿರುವ ಚಿಕ್ಕಪ್ಪನ ಅಥವಾ ಅಕ್ಕನ ಮನೆಯಲ್ಲಿದ್ದುಕೊಂಡು ಮಗು ಅಲ್ಲಿನ ಸರ್ಕಾರಿ ಶಾಲೆಗೆ ಹೋಗಬಹುದೆಂಬ ಎಣಿಕೆ ಸಾಮಾನ್ಯವಾಗಿದೆ. ನಿಯಮಗಳು ಇದಕ್ಕೆ ಅವಕಾಶ ನೀಡುವುದಿಲ್ಲವೆಂದೇ ಹೇಳಬೇಕು. ಜೆ-1 ವಿನಿಮಯ ವಿದ್ಯಾರ್ಥಿಯನ್ನು ಆತನ ಬಂಧುಗಳ ಮನೆಯಲ್ಲಿ ಇರಿಸುವಂತಿಲ್ಲ. ಎಫ್-1 ವೀಸಾದಲ್ಲಿ ಸರ್ಕಾರಿ ಹೈಸ್ಕೂಲಿನಲ್ಲಿ ಗರಿಷ್ಠ 12 ತಿಂಗಳು ಮಾತ್ರ ಓದಬಹುದಾಗಿದ್ದು, ಅದಕ್ಕೂ ಶಾಲೆಯ ಪೂರ್ಣ ವೆಚ್ಚವನ್ನು ಭರಿಸಬೇಕು. ಪ್ರವಾಸಿ ವೀಸಾದಲ್ಲಿ ಶಾಲೆಗೆ ಸೇರುವುದು ನಿಯಮಬಾಹಿರವಾಗಿದ್ದು, ಮುಂದೆ ಉನ್ನತ ವ್ಯಾಸಂಗದ ವೀಸಾಕ್ಕೂ ಕುತ್ತು ತರುತ್ತದೆ. ಇಂಗ್ಲೆಂಡಿನ ಬಾಲ ವಿದ್ಯಾರ್ಥಿ ವೀಸಾವು ಶುಲ್ಕ ವಿಧಿಸುವ ಖಾಸಗಿ ಶಾಲೆಗಳಿಗೆ ಮಾತ್ರ ಅನ್ವಯಿಸುತ್ತದೆ.

ಹೊರದೇಶದ ಶಾಲೆಗಳು ಲಸಿಕೆಯ ದಾಖಲೆಯನ್ನು ಕಡ್ಡಾಯವಾಗಿ ಕೇಳುತ್ತವೆ. ಮಗು ಚಿಕ್ಕದಿದ್ದಾಗ ನೀಡಿದ ತಾಯಿ ಕಾರ್ಡನ್ನು ಹುಡುಕಿ ತೆಗೆದು, ವೈದ್ಯರಿಂದ ಇಂಗ್ಲಿಷಿನಲ್ಲಿ ವಿವರ ಬರೆಸಿಕೊಳ್ಳಬೇಕು. ಬಾಲ್ಯದಲ್ಲಿ ಬಿ.ಸಿ.ಜಿ. ಹಾಕಿಸಿಕೊಂಡವರಲ್ಲಿ ಚರ್ಮದ ಮೇಲೆ ಮಾಡುವ ಕ್ಷಯ ಪರೀಕ್ಷೆಯು ರೋಗವಿಲ್ಲದಿದ್ದರೂ ಸಕಾರಾತ್ಮಕವಾಗಿ ಬರಬಹುದಾದುದರಿಂದ, ರಕ್ತ ಪರೀಕ್ಷೆಯ ಬಗ್ಗೆ ವೈದ್ಯರನ್ನು ವಿಚಾರಿಸುವುದು ಸೂಕ್ತ. ಬ್ರೆಜಿಲ್ ಮುಂತಾದ ಹಳದಿ ಜ್ವರವಿರುವ ದೇಶಗಳಿಗೆ ತೆರಳುವವರು ಕನಿಷ್ಠ 10 ದಿನ ಮೊದಲು ಸರ್ಕಾರ ಅಧಿಕೃತಗೊಳಿಸಿದ ಕೇಂದ್ರದಲ್ಲಿ ಲಸಿಕೆ ಪಡೆದು ಪ್ರಮಾಣಪತ್ರವನ್ನು ಜೋಪಾನವಾಗಿರಿಸಿಕೊಳ್ಳತಕ್ಕದ್ದು. ಅದಿಲ್ಲದೆ ಹಿಂದಿರುಗಿದವರನ್ನು ಭಾರತದ ವಿಮಾನ ನಿಲ್ದಾಣದಲ್ಲಿ ಪ್ರತ್ಯೇಕವಾಗಿ ಇರಿಸಲಾಗುತ್ತದೆ. ಒಂದು ವರ್ಷದ ನಂತರ ಮಗುವನ್ನು ಕರೆತರಲು ಹೋದ ಮನೆಮಂದಿ ಹೊರಗೆ ಕಾಯುತ್ತಾ ನಿಲ್ಲಬೇಕಾಗುತ್ತದೆ.

ಹಣ ಕಳುಹಿಸುವುದು ಭಾರತೀಯ ರಿಸರ್ವ್ ಬ್ಯಾಂಕಿನ ಉದಾರೀಕೃತ ರವಾನೆ ಯೋಜನೆಯಡಿ ಬರುತ್ತದೆ. ಆರ್ಥಿಕ ವರ್ಷವೊಂದಕ್ಕೆ ಒಬ್ಬ ವ್ಯಕ್ತಿಗೆ 2,50,000 ಡಾಲರ್ ಮಿತಿ ಇದ್ದು, ಅಪ್ರಾಪ್ತ ವಯಸ್ಕರ ಪರವಾಗಿ ಪೋಷಕರು ಸಹಿ ಮಾಡಬೇಕು.

ವಿದೇಶಿ ವಿದ್ಯಾರ್ಥಿಗೆ ಆತಿಥ್ಯ ನೀಡುವ ಕುಟುಂಬದ ಹೊಣೆ

ಅತಿಥಿ ಎಂದು ಬಂದವರ ಬಗ್ಗೆ ಪೊಲೀಸರಿಗೆ ವರದಿ ಮಾಡುವುದು ಸಂಕೋಚದ ವಿಷಯವೆಂದು ಕೆಲವರು ಭಾವಿಸುತ್ತಾರೆ. ಇದು ದೂರಲ್ಲ, ದಾಖಲೆ ಮಾತ್ರ. 2025ರ ಸೆಪ್ಟೆಂಬರ್ 1ರಂದು ಜಾರಿಗೆ ಬಂದ ವಲಸೆ ಮತ್ತು ವಿದೇಶಿಯರ ಅಧಿನಿಯಮ, 2025 ಹಳೆಯ ನಾಲ್ಕು ಕಾಯಿದೆಗಳ ಸ್ಥಾನವನ್ನು ಪಡೆದಿದೆ. ವಿದೇಶಿಯರಿಗೆ ವಸತಿ ಒದಗಿಸುವವರು ಅವರು ಬಂದ 24 ಗಂಟೆಗಳೊಳಗೆ ವಿವರಗಳನ್ನು ವಿದ್ಯುನ್ಮಾನ ರೂಪದಲ್ಲಿ ಸಲ್ಲಿಸತಕ್ಕದ್ದು. ಜನರು ಇಂದಿಗೂ ಇದನ್ನು ‘ಸಿ ಫಾರಂ’ ಎಂದೇ ಕರೆಯುತ್ತಾರೆ. ಇದು ಹೋಟೆಲುಗಳಿಗೆ ಮಾತ್ರವಲ್ಲ, ಮನೆಗಳಿಗೂ ಅನ್ವಯಿಸುತ್ತದೆ. ಬಾಡಿಗೆ ಪಡೆಯದಿದ್ದರೂ ವಿನಾಯಿತಿ ಇಲ್ಲ. ಮನೆಯ ಯಜಮಾನರು ವಲಸೆ ವಿಭಾಗದ ಜಾಲತಾಣದಲ್ಲಿ ಒಮ್ಮೆ ನೋಂದಾಯಿಸಿಕೊಳ್ಳಬೇಕಾಗಿದ್ದು, ವಿದ್ಯಾರ್ಥಿ ಬಂದಿಳಿಯುವ ವಾರದ ಮೊದಲೇ ಇದನ್ನು ಮುಗಿಸಿಕೊಂಡಲ್ಲಿ 24 ಗಂಟೆಗಳ ಗಡುವು ಕಷ್ಟವಾಗದು. ರಾತ್ರಿ ಮಂಗಳೂರು ವಿಮಾನ ನಿಲ್ದಾಣದಿಂದ ಕರೆತಂದು, ಮಾರನೆಯ ದಿನ ಸಂಭ್ರಮದಲ್ಲಿ ಕಳೆದು, ಮೂರನೆಯ ದಿನ ನೆನಪಾಗುವುದು ಸಾಮಾನ್ಯ ಸಂಗತಿ.

180 ದಿನಗಳಿಗಿಂತ ಹೆಚ್ಚಿನ ಅವಧಿಯ ವಿದ್ಯಾರ್ಥಿ ವೀಸಾ ಹೊಂದಿರುವವರು ಬಂದ 14 ದಿನಗಳೊಳಗೆ ವಿದೇಶಿಯರ ನೋಂದಣಿ ಅಧಿಕಾರಿಯ ಬಳಿ ನೋಂದಾಯಿಸಿಕೊಳ್ಳಬೇಕು. ಜಿಲ್ಲೆಯಲ್ಲಿ ಪೊಲೀಸ್ ಅಧೀಕ್ಷಕರು ಈ ಅಧಿಕಾರ ಹೊಂದಿದ್ದು, ಅರ್ಜಿಯನ್ನು 2018ರಿಂದ ಇ-ಎಫ್.ಆರ್.ಆರ್.ಒ. ಮೂಲಕ ಸಲ್ಲಿಸಲು ಅವಕಾಶವಿದೆ. ವಿದ್ಯಾರ್ಥಿಯನ್ನು ಸೇರಿಸಿಕೊಂಡ ಶಾಲೆ ಅಥವಾ ಕಾಲೇಜು ಕೂಡ ತನ್ನ ವರದಿಯನ್ನು ಪ್ರತ್ಯೇಕವಾಗಿ ಸಲ್ಲಿಸಬೇಕು. ಒಬ್ಬರು ಮಾಡಿದ್ದಾರೆಂದು ಇನ್ನೊಬ್ಬರು ಬಿಡುವಂತಿಲ್ಲ.

ಸರದಿಯ ಆತಿಥ್ಯದಲ್ಲಿ ಹೆಚ್ಚಿನ ಎಚ್ಚರ ಬೇಕು. ವಿದ್ಯಾರ್ಥಿನಿಯೊಬ್ಬಳು ಮೊದಲ ನಾಲ್ಕು ತಿಂಗಳು ಮಣಿಪಾಲದಲ್ಲಿ, ನಂತರ ಕಾಪುವಿನಲ್ಲಿ, ಕೊನೆಗೆ ಕಾರ್ಕಳದಲ್ಲಿ ವಾಸಿಸುವುದಾದರೆ ಪ್ರತಿಯೊಂದು ಮನೆಯೂ ಹೊಸದಾಗಿ ವರದಿ ಸಲ್ಲಿಸಬೇಕು, ಹಾಗೂ ನೋಂದಣಿಯಲ್ಲಿನ ವಿಳಾಸ ಬದಲಾವಣೆಯನ್ನು ತಿಳಿಸಬೇಕು. ಮೊದಲ ಮನೆಯಲ್ಲಿ ಎಲ್ಲವೂ ಕ್ರಮಬದ್ಧವಾಗಿದ್ದು ಎರಡನೆಯ ಮನೆಯಲ್ಲಿ ತಪ್ಪಿಹೋದಾಗ, ವೀಸಾ ವಿಸ್ತರಣೆಯ ಅಥವಾ ನಿರ್ಗಮನದ ಸಮಯದಲ್ಲಿ ತೊಂದರೆಗೆ ಸಿಲುಕುವುದು ಏನೂ ಅರಿಯದ ಆ ಹುಡುಗಿ. ಸಾಗರೋತ್ತರ ಭಾರತೀಯ ನಾಗರಿಕ ಕಾರ್ಡ್ ಹೊಂದಿ ಅಜ್ಜ ಅಜ್ಜಿಯ ಮನೆಗೆ ಬರುವ ಮಕ್ಕಳಿಗೆ ನೋಂದಣಿಯಿಂದ ವಿನಾಯಿತಿ ಇದೆ. ಕಾರ್ಡ್ ಇಲ್ಲದೆ ಪ್ರವಾಸಿ ವೀಸಾದಲ್ಲಿ ಬಂದ ಮೊಮ್ಮಕ್ಕಳನ್ನು ಇಲ್ಲಿನ ಶಾಲೆಗೆ ಸೇರಿಸುವಂತಿಲ್ಲ.

ಮನೆಯೊಳಗಿನ ಕೆಲವು ವಿಷಯಗಳು

ಕರ್ನಾಟಕಕ್ಕೆ ಹೋಗುವುದೆಂದು ಕನ್ನಡದ ನಾಲ್ಕು ಮಾತು ಕಲಿತು ಬಂದ ವಿದ್ಯಾರ್ಥಿಗೆ ಮನೆಯಲ್ಲಿ ತುಳು, ಪಕ್ಕದ ಮನೆಯಲ್ಲಿ ಕೊಂಕಣಿ, ಅಂಗಡಿಯಲ್ಲಿ ಬ್ಯಾರಿ ಕೇಳಿಬಂದಾಗ ಗೊಂದಲವಾಗುವುದು ಸಹಜ. ಯಾವ ಭಾಷೆಯನ್ನು ಕಲಿಸಬೇಕೆಂದು ಮನೆಯವರು ಮೊದಲೇ ನಿರ್ಧರಿಸಿಕೊಂಡರೆ ಒಳಿತು. ಊಟದ ವಿಷಯದಲ್ಲಿ ಮೀನು ತಿನ್ನುವ ಮನೆಯೇ, ಸಸ್ಯಾಹಾರಿ ಮನೆಯೇ ಎಂಬುದನ್ನು ಅರ್ಜಿಯಲ್ಲಿಯೇ ತಿಳಿಸಬೇಕು. ಕುಚ್ಚಲಕ್ಕಿ ಅನ್ನಕ್ಕೆ ಹೊಂದಿಕೊಳ್ಳಲು ಹೆಚ್ಚಿನವರಿಗೆ ಕೆಲವು ವಾರಗಳು ಬೇಕಾಗುತ್ತವೆ. ವಿದ್ಯಾರ್ಥಿಯ ಪಾಸ್‌ಪೋರ್ಟ್ ವಿದ್ಯಾರ್ಥಿಯ ಬಳಿಯೇ ಇರಬೇಕಾಗಿದ್ದು, ಜೋಪಾನದ ನೆಪದಲ್ಲಿ ಮನೆಯವರು ತಮ್ಮ ಕಪಾಟಿನಲ್ಲಿಟ್ಟು ಬೀಗ ಹಾಕುವುದು ಸರಿಯಲ್ಲ.

ಮನೆಯ ಸ್ಕೂಟರನ್ನು ಹದಿನೆಂಟು ತುಂಬದ ವಿದ್ಯಾರ್ಥಿಗೆ ಕೊಡಬಾರದು. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಅಧಿನಿಯಮದಡಿ ಅಪ್ರಾಪ್ತ ವಯಸ್ಕರ ಅಪರಾಧಕ್ಕೆ ವಾಹನದ ಮಾಲೀಕರಿಗೆ 3 ವರ್ಷಗಳವರೆಗಿನ ಸೆರೆವಾಸ ಹಾಗೂ 25,000 ರೂಪಾಯಿ ದಂಡ ವಿಧಿಸಲು ಅವಕಾಶವಿದೆ. ಮಳೆಗಾಲದಲ್ಲಿ ಕಾಪು ಮತ್ತು ಮಲ್ಪೆ ಕಡಲತೀರಗಳಲ್ಲಿ ನೀರಿಗಿಳಿಯದಂತೆ ಸ್ಪಷ್ಟವಾಗಿ ತಿಳಿಸಬೇಕು. ತಮ್ಮ ದೇಶದ ಶಾಂತ ಕೊಳಗಳಲ್ಲಿ ಚೆನ್ನಾಗಿ ಈಜುವವರೇ ಇಲ್ಲಿನ ಸೆಳೆತವನ್ನು ಅಂದಾಜು ಮಾಡಲಾರದೆ ಅಪಾಯಕ್ಕೆ ಸಿಲುಕುತ್ತಾರೆ. ಅನುಮತಿಯಿಲ್ಲದ ಉಪಗ್ರಹ ದೂರವಾಣಿಯನ್ನು ಭಾರತಕ್ಕೆ ತರುವುದು ಅಪರಾಧವಾದುದರಿಂದ ಚಾರಣದ ಹವ್ಯಾಸವಿರುವ ವಿದ್ಯಾರ್ಥಿಗಳಿಗೆ ಮುಂಚಿತವಾಗಿ ಬರೆದು ತಿಳಿಸುವುದು ಸೂಕ್ತ.

ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಸಂರಕ್ಷಿಸುವ ಅಧಿನಿಯಮ, 2012 ವಿದೇಶಿ ಮಕ್ಕಳಿಗೂ ಸಮಾನವಾಗಿ ಅನ್ವಯಿಸುತ್ತದೆ. ಅಪರಾಧ ನಡೆದ ಅಥವಾ ನಡೆಯಬಹುದಾದ ಸಂಗತಿ ತಿಳಿದವರು ವರದಿ ಮಾಡುವುದು ಕಡ್ಡಾಯವಾಗಿದ್ದು, ಮನೆತನದ ಮರ್ಯಾದೆ ಅಥವಾ ಕ್ಲಬ್ಬಿನ ಹೆಸರಿನ ನೆಪದಲ್ಲಿ ಮುಚ್ಚಿಡುವಂತಿಲ್ಲ. ಮಕ್ಕಳ ಸಹಾಯವಾಣಿ 1098 ಮತ್ತು ತುರ್ತು ಸಂಖ್ಯೆ 112 ವಿದ್ಯಾರ್ಥಿಗೆ ಮೊದಲ ದಿನವೇ ತಿಳಿದಿರಬೇಕು. ಆತಿಥೇಯ ಕುಟುಂಬಕ್ಕೆ ಸಂಬಂಧಿಸದ ಒಬ್ಬ ಹಿರಿಯರ, ಸಾಧ್ಯವಾದಲ್ಲಿ ಮಹಿಳೆಯೊಬ್ಬರ, ದೂರವಾಣಿ ಸಂಖ್ಯೆಯನ್ನೂ ಕೊಟ್ಟಿರಬೇಕು. ಊಟ ಸೇರದಿರುವುದು, ಕೋಣೆಯಿಂದ ಹೊರಬರದಿರುವುದು ಮೊದಲ ತಿಂಗಳಿನಲ್ಲಿ ಮನೆಯ ನೆನಪಿನಿಂದ ಇರಬಹುದು. ಅದು ಮೂರನೆಯ ತಿಂಗಳಿಗೂ ಮುಂದುವರಿದಲ್ಲಿ ಕಾರ್ಯಕ್ರಮದ ಸಂಯೋಜಕರಿಗೆ ತಿಳಿಸಿ ಮನೆ ಬದಲಿಸುವುದನ್ನು ಆತಿಥೇಯರು ಅವಮಾನವೆಂದು ತಿಳಿಯಬೇಕಾಗಿಲ್ಲ.

ಹೊರದೇಶದಲ್ಲಿರುವ ನಮ್ಮ ಮಕ್ಕಳಿಗೂ ಇದೇ ಮಾತು ಅನ್ವಯಿಸುತ್ತದೆ. ಅವರು ತಲುಪಿದ ಕೂಡಲೇ 2015ರಿಂದ ಕಾರ್ಯನಿರ್ವಹಿಸುತ್ತಿರುವ ವಿದೇಶಾಂಗ ಸಚಿವಾಲಯದ ‘ಮದದ್’ ಜಾಲತಾಣದಲ್ಲಿ ಹೆಸರು ನೋಂದಾಯಿಸಿಕೊಂಡಲ್ಲಿ, ಕಷ್ಟದ ಸಂದರ್ಭದಲ್ಲಿ ಭಾರತೀಯ ರಾಯಭಾರ ಕಛೇರಿಯು ಅವರನ್ನು ಗುರುತಿಸಿ ಸಂಪರ್ಕಿಸಲು ಅನುಕೂಲವಾಗುತ್ತದೆ.

ಜಿಲ್ಲಾಡಳಿತದ ಕಛೇರಿಗಳು ಮಣಿಪಾಲದ ರಜತಾದ್ರಿಯಲ್ಲಿವೆ. ಕಾಪು ಮತ್ತು ಕಾರ್ಕಳ ತಾಲ್ಲೂಕುಗಳ ನಿವಾಸಿಗಳು ವಿದ್ಯಾರ್ಥಿಯ ವಿಳಾಸ ಬದಲಾವಣೆಯ ಬಗ್ಗೆ ಸಂದೇಹವಿದ್ದಲ್ಲಿ ಮೊದಲು ತಮ್ಮ ವ್ಯಾಪ್ತಿಯ ಪೊಲೀಸ್ ಠಾಣೆಯಲ್ಲಿ ವಿಚಾರಿಸಬಹುದು. ವಿದ್ಯಾರ್ಥಿಯು ಸ್ವದೇಶಕ್ಕೆ ಹೊರಟ ದಿನ ಮನೆಯವರು ನಿರ್ಗಮನದ ವಿವರವನ್ನೂ ಅದೇ ಜಾಲತಾಣದಲ್ಲಿ ದಾಖಲಿಸಿ, ಸ್ವೀಕೃತಿಯ ಪ್ರತಿಯನ್ನು ತಮ್ಮ ಬಳಿ ಇರಿಸಿಕೊಳ್ಳತಕ್ಕದ್ದು.